ಎ.ಸಿ. ಹಾಲಿನಲ್ಲಿ ಗುಮಟೆ

ಕೀರ್ತಿಯೆಂಬುದು ಬೆನ್ನುಹತ್ತಿದವರಿಗೆ ದಕ್ಕುವುದಿಲ್ಲ, ತಪಸ್ಸಿನಂತೆ ವರ್ಷಗಟ್ಟಲೆ ದುಡಿದವರಿಗೆ ಮಾತ್ರ ತಾನಾಗಿ ಒಲಿಯುತ್ತದೆ ಎಂದು ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಬೋಧಿಸಿದ್ದೇನೆ. ನನ್ನ ತಂಗಿಯ ಮಗಳಿಗೆ ಅದು ಹನ್ನೊಂದು ದಿನದಲ್ಲಿ ಒಲಿಯಿತು, ಅದೂ ನನ್ನ ಸ್ಕೂಟರ್ ಶೆಡ್ಡಿನಲ್ಲಿ.

ಶೆಡ್ಡು ಅಂಕೋಲೆಯ ನಮ್ಮ ಮನೆಯ ಹಿಂದಿದೆ. ವಾರಕ್ಕೆ ಮೂರು ಸಂಜೆ ಅಲ್ಲಿ ಮೂವರು ಸೇರುತ್ತಿದ್ದರು. ಹಾಡುವವಳು ನನ್ನ ಸೋದರಸೊಸೆ. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ. ಗಿಟಾರಿನವನು ಕಾರವಾರದ ಬೈತಖೋಲದವನು. ಬಂದರಿನಲ್ಲಿ ಮೀನಿನ ಹರಾಜು ಕೂಗುವ ಮನೆತನವಾದ್ದರಿಂದ ಮೆಲ್ಲಗೆ ಮಾತಾಡುವ ವಿದ್ಯೆ ಅವನಿಗೆ ಬಂದಿರಲಿಲ್ಲ. ಮೂರನೆಯವನು ಅವರ್ಸಾದ ರೈತರ ಮನೆಯವನು. ವಯಸ್ಸು ಇಪ್ಪತ್ತಾರು, ಗದ್ದೆ ಕೆಲಸ ಇಲ್ಲದಾಗ ಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದ. ಅವನು ನುಡಿಸುವುದು ಗುಮಟೆ, ಅಂದರೆ ಎರಡು ಬಾಯಿಯ ಮಣ್ಣಿನ ಗಡಿಗೆ. ಒಂದು ಬಾಯಿಗೆ ಆಡಿನ ಚರ್ಮ ಬಿಗಿದಿರುತ್ತದೆ, ಇನ್ನೊಂದನ್ನು ಅಂಗೈಯಿಂದ ಮುಚ್ಚಿ ತೆರೆದು ದನಿ ತಿದ್ದುತ್ತಾರೆ. ಸುಗ್ಗಿಯಲ್ಲಿ ಅವನ ಅಜ್ಜ ನುಡಿಸುತ್ತಿದ್ದ ವಾದ್ಯ ಅದು.

ಮೂವರ ಆರಾಧ್ಯದೈವ ಇಂಗ್ಲೆಂಡಿನ ಒಂದು ತಂಡ. ಅವರೂ ಯಾವುದೋ ಸಮುದ್ರದಂಡೆಯ ಊರಿನ ನಾಲ್ವರು ಎಳೆಯರು. ವರ್ಷದ ಹಿಂದೆ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಕೋಣೆಯಲ್ಲಿ ಅರಚಿಕೊಳ್ಳುತ್ತಿದ್ದವರು, ಈಗ ಅವರ ಟಿಕೆಟ್ಟಿಗೆ ಜನ ಹೊಡೆದಾಡುತ್ತಾರಂತೆ.

“ಅವ್ರಿಗೆ ಆಗ್ತದೆ ಅಂದ್ರೆ ನಮ್ಗೆ ಎಂತಕ್ಕೆ ಆಗೂದಿಲ್ಲ ಮಾಮಾ?” ಎಂದು ಅವಳು ಕೇಳಿದಾಗ ನಾನು ಸಾಧನೆ, ತಾಳ್ಮೆ, ಗುರುಸೇವೆ ಮುಂತಾಗಿ ಸಾಕಷ್ಟು ವಿವರಿಸಿದೆ. ಅವಳು ಪೂರ್ತಿ ಕೇಳಿ, ಸ್ಕೂಟರ್ ಹೊರಗಿಡಬಹುದೇ ಎಂದಳು.

ಅವರ ಹಾಡು ಅವರ್ಸಾ ಕ್ರಾಸಿನಲ್ಲಿ ಕೈ ಮಾಡಿದರೂ ನಿಲ್ಲದೆ ಹೋಗುವ ಬಸ್ಸಿನ ಮೇಲಿತ್ತು. ಬೇಲೆಕೇರಿಯ ಖಾಲಿ ಬಂದರಿನಲ್ಲಿ ನಿಂತು ಮೊಬೈಲಿನಲ್ಲೇ ಅದನ್ನು ಚಿತ್ರೀಕರಿಸಿ ಇಂಟರ್ನೆಟ್ಟಿನಲ್ಲಿ ಹರಿಬಿಟ್ಟರು. ಮೊದಲೆರಡು ದಿನ ನೋಡಿದವರು ಮನೆಯವರು ಮಾತ್ರ. ಮೂರನೆಯ ದಿನ ಯಾರೋ ಮುಂಬಯಿಯವರು ಹಂಚಿದರು. ಹನ್ನೊಂದನೆಯ ದಿನ ಆ ಇಂಗ್ಲೆಂಡಿನ ತಂಡದ ಗಾಯಕನೇ ಅದನ್ನು ತನ್ನ ಖಾತೆಯಲ್ಲಿ ಹಾಕಿ, ಮೆಚ್ಚುಗೆಗೆ ಬೆಂಕಿಯ ಚಿತ್ರ ಅಂಟಿಸಿದ. ಆಮೇಲೆ ಔಷಧಿ ಅಂಗಡಿಗೆ ಕಾಯಿಲೆ ಇಲ್ಲದವರೂ ಬರತೊಡಗಿದರು. ಅವರ್ಸಾ ಕ್ರಾಸಿನಲ್ಲಿ ಬಸ್ಸು, ಹತ್ತುವವರಿಲ್ಲದಿದ್ದರೂ, ನಿಂತು ಹೋಗುತ್ತಿತ್ತು.

ಹಿಂದೆಯೇ ಇಮೇಲ್ ಬಂತು. ಆ ತಂಡ ಗೋವೆಗೆ ಬರಲಿದೆ, ಅವರಿಗಿಂತ ಮೊದಲು ಇಪ್ಪತ್ತು ನಿಮಿಷ ಹಾಡಲು ಯಾರಾದರೂ ಬೇಕು. ಅವರ ಮ್ಯಾನೇಜರ್ ಮುಂಚಿತವಾಗಿ ಬಂದು ಕಾರವಾರದಲ್ಲಿ ಎದುರಿಗೆ ಕೇಳಿ ಹೋಗುತ್ತಾನೆ. ಕೊನೆಗೊಂದು ಸಾಲಿತ್ತು: ಹಾಡುವವಳ ಬಗ್ಗೆ ಅನುಮಾನವಿಲ್ಲ, ಆದರೆ ಆ ಮಡಕೆಯ ದನಿ ದೊಡ್ಡ ವೇದಿಕೆಯಲ್ಲಿ ನಿಲ್ಲುತ್ತದೆಯೇ ನೋಡಬೇಕು, ನಿಲ್ಲದಿದ್ದರೆ ಡ್ರಮ್ಮಿನವರನ್ನು ನಾವೇ ಒದಗಿಸುತ್ತೇವೆ.

ನಾನು ಇಂಗ್ಲಿಷ್ ಮಾಸ್ತರನಾದ್ದರಿಂದ ಓದಿ ಹೇಳುವ ಕೆಲಸ ನನ್ನದೇ. ಗುಮಟೆಯವನು ಕೇಳಿ, “ಹಂಗಾರೆ ಪರೀಕ್ಷೆ ಇರೂದು ನಂಗೆ ಒಬ್ಬಂಗೇ” ಎಂದ.

ಅವನು ಬೇಡಿದ್ದು ಒಂದೇ. ಅವರ್ಸಾದಲ್ಲಿ ತನ್ನ ಮನೆಯ ಅಂಗಳದಲ್ಲಿ ನುಡಿಸೋಣ, ಪಕ್ಕದಲ್ಲಿ ಹುಲ್ಲಿನ ಬೆಂಕಿ ಇರಲಿ. “ಗುಮಟೆಗೆ ಕಾವು ಬೇಕು ಮಾಸ್ತರ್ರೇ. ತಂಪಾದ್ರೆ ಚರ್ಮ ಸಡಿಲ ಆಗ್ತದೆ, ಮತ್ತೆ ಅದು ಬರೀ ಗಡಿಗೆ.”

ನಾನು ಒಪ್ಪಲಿಲ್ಲ. ಸಪ್ತಸಾಗರ ದಾಟಿ ಬರುವ ಅತಿಥಿಯನ್ನು ಹೊಗೆಯಲ್ಲಿ ಕೂರಿಸುವುದೇ? ನಮ್ಮ ಕಡೆ ಮದುವೆಯ ಬೀಗರಿಗೇ ಎ.ಸಿ. ಕೋಣೆ ಹುಡುಕುತ್ತೇವೆ. ಕಾರವಾರದ ಒಂದು ಹೋಟೆಲಿನ ಎ.ಸಿ. ಹಾಲನ್ನು ನಾನೇ ಹೋಗಿ ಗೊತ್ತುಮಾಡಿ ಬಂದೆ. ಇಂಗ್ಲೆಂಡಿನವನಿಗೆ ಸೆಕೆಯಾಗಬಾರದೆಂದು ಚೆನ್ನಾಗಿ ತಂಪು ಮಾಡಿಡಲೂ ಹೇಳಿದೆ. ಆತಿಥ್ಯದಲ್ಲಿ ನಾನು ಯಾವತ್ತೂ ಕಡಿಮೆ ಬಿದ್ದವನಲ್ಲ.

ಮ್ಯಾನೇಜರ್ ಮೂರೂವರೆಗೆ ಬಂದ. ಮೂವತ್ತರ ಆಸುಪಾಸಿನ ಸಭ್ಯ ಮನುಷ್ಯ, ಚಡ್ಡಿ ಹಾಕಿದ್ದ. ಐದಕ್ಕೆ ಹೊರಡಲೇಬೇಕು, ಗೋವೆಯಿಂದ ವಿಮಾನವಿದೆ ಎಂದ. ಎರಡು ದಿನದಿಂದ ಮಳೆ ಹಿಡಿದಿತ್ತು. ಗುಮಟೆಯವನು ಕಾರಿನಿಂದಿಳಿಯುವವರೆಗೂ ವಾದ್ಯವನ್ನು ಕಂಬಳಿಯಲ್ಲಿ ಸುತ್ತಿ ಮಗುವಿನಂತೆ ಎದೆಗವುಚಿಕೊಂಡಿದ್ದ. ಹಾಲಿನೊಳಗೆ ಕಾಲಿಟ್ಟವನು ಮೇಲೆ ಎ.ಸಿ.ಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

ಮೊದಲ ಹಾಡಿನ ಅರ್ಧದವರೆಗೆ ಗುಮಟೆ ನುಡಿಯಿತು. ಆಮೇಲೆ ದನಿ ಇಳಿಯಿತು. ಎರಡನೆಯ ಹಾಡಿಗೆ ಒದ್ದೆ ರಟ್ಟಿನ ಪೆಟ್ಟಿಗೆ ತಟ್ಟಿದ ಹಾಗೆ ಕೇಳಿತು. ಅವನು ಬೆರಳು ಬಿಳುಪೇರುವಂತೆ ಹೊಡೆಯುತ್ತಿದ್ದ. ಮ್ಯಾನೇಜರ್ ಮೊಬೈಲಿನಲ್ಲಿ ಏನೋ ಬರೆದುಕೊಂಡ.

“ಎ.ಸಿ. ಬಂದ್ ಮಾಡ್ಸಿ ಮಾಮಾ!” ಎಂದಳು ಸೊಸೆ. ನಾನು ಓಡಿದೆ. ಕೌಂಟರಿನವನು, ಪಕ್ಕದ ಹಾಲಿನಲ್ಲಿ ನಿಶ್ಚಿತಾರ್ಥವಿದೆ, ಎರಡಕ್ಕೂ ಒಂದೇ ಎ.ಸಿ., ನಿಲ್ಲಿಸಲಾಗದು ಎಂದ. ಹಿತ್ತಲಲ್ಲಿ ಹುಲ್ಲು ಹಚ್ಚಬಹುದೇ ಎಂದು ಕೇಳಿದೆ. ಅವನು ನನ್ನ ವಯಸ್ಸಿಗೆ ಗೌರವ ಕೊಟ್ಟು ನಗು ತಡೆದುಕೊಂಡ. ಹೊರಗೆ ಮಳೆಯೂ ಇತ್ತು. ಉಳಿದದ್ದು ಹೋಟೆಲಿನ ಅಡುಗೆಮನೆ.

ಹತ್ತು ನಿಮಿಷದ ವಿರಾಮ ಕೇಳಿ ನಾನೂ ಗುಮಟೆಯವನೂ ಒಳಗೆ ಹೋದೆವು. ಒಂದು ಒಲೆಯಲ್ಲಿ ಸಾಂಬಾರು ಕುದಿಯುತ್ತಿತ್ತು, ಇನ್ನೊಂದನ್ನು ಅಡುಗೆಯವನು ಬಿಟ್ಟುಕೊಟ್ಟ. ದೊಡ್ಡ ಗ್ಯಾಸ್ ಒಲೆ, ಉರಿ ಗೇಣುದ್ದ ಏಳುತ್ತಿತ್ತು. ಗುಮಟೆಯವನು ಮೊಳ ದೂರದಲ್ಲಿ ಹಿಡಿದು ಗುಮಟೆಯನ್ನು ನಿಧಾನ ತಿರುಗಿಸತೊಡಗಿದ. ನಡುನಡುವೆ ಬೆರಳಿಂದ ತಟ್ಟಿ ಕಿವಿಗೊಡುತ್ತಿದ್ದ. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ.

“ಸ್ವಲ್ಪ ಹತ್ರ ಹಿಡಿಯೋ” ಎಂದೆ.

“ಇದು ಹುಲ್ಲಿನ ಬೆಂಕಿ ಅಲ್ಲ ಮಾಸ್ತರ್ರೇ. ಗ್ಯಾಸಿಂದು ನಂಗೆ ಅಂದಾಜಿಲ್ಲ.”

“ಅವನು ಐದಕ್ಕೆ ಹೋಗ್ತಾನೆ ಮಾರಾಯಾ.”

ಅವನು ಹತ್ತಿರ ಹಿಡಿದ. ದನಿ ಏರಿತು. ಮತ್ತೆ ತಟ್ಟಿದ, ಇನ್ನೂ ಏರಿತು. ಅವನ ಮುಖದಲ್ಲಿ ನಗು ಬಂತು. ಇನ್ನೊಮ್ಮೆ ತಟ್ಟಿದಾಗ ಚರ್ಮ ಅಂಚಿನಿಂದ ನಡುವಿನವರೆಗೆ ಸೀಳಿತು. ಸಪ್ಪಳ ದೊಡ್ಡದೇನಲ್ಲ. ಅಡುಗೆಯವನು ತಿರುಗಿ ನೋಡಿ, ಒಲೆ ಆರಿಸಿದ.

ಹಾಲಿಗೆ ಮರಳಿದಾಗ ಸೊಸೆ ಸೀಳಿದ ಚರ್ಮವನ್ನೇ ನೋಡಿದಳು. ಮ್ಯಾನೇಜರ್ ಗಡಿಯಾರ ತೋರಿಸಿ, ಇದ್ದ ಹಾಗೆಯೇ ಒಂದು ಹಾಡಲಿ ಎಂದ. ಅವಳು ಬಸ್ಸಿನ ಹಾಡನ್ನು ಬರೀ ಗಿಟಾರಿನೊಂದಿಗೆ ಹಾಡಿದಳು. ಅಳು ನುಂಗಿಕೊಂಡು ಹಾಡಿದ್ದರಿಂದಲೋ ಏನೋ, ನಾನು ಶೆಡ್ಡಿನಲ್ಲಿ ನೂರು ಸಲ ಕೇಳಿದ ಹಾಡು ಅದಾಗಿರಲಿಲ್ಲ. ಮ್ಯಾನೇಜರ್ ಮೊದಲ ಬಾರಿಗೆ ಮೊಬೈಲನ್ನು ಬೋರಲು ಇಟ್ಟು ಕಣ್ಣು ಮುಚ್ಚಿದ. ನಾನು ಅವನು ಕಣ್ಣು ತೆರೆಯದಿರಲಿ ಎಂದು ಬಯಸಿದೆ.

ತೆರೆದು ಅವನು ಇಂಗ್ಲಿಷಿನಲ್ಲಿ ಒಂದು ನಿಮಿಷ ಮಾತಾಡಿದ. ಸೊಸೆ “ನೋ, ನೋ, ತ್ರೀ” ಎಂದು ಬೆರಳು ತೋರಿಸುತ್ತಿದ್ದಳು. ಗುಮಟೆಯವನು ನನ್ನ ಕಡೆ ತಿರುಗಿದ.

“ಎಂತಾ ಹೇಳ್ತಾನೆ ಮಾಸ್ತರ್ರೇ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಗುಮಟೆ ಇಲ್ದೇನೇ ಚಲೋ ಆಯ್ತು ಅಂತಾನೆ. ಇಬ್ರೇ ಬರಲಿ ಅಂತಾನೆ. ಈಗ್ಲೇ ಹೇಳ್ಬೇಕಂತೆ. ಇಲ್ಲದಿದ್ರೆ ಮುಂಬಯಿದು ಇನ್ನೊಂದು ತಂಡ ಇದೆ.”

ಅವನು ಸ್ವಲ್ಪ ಹೊತ್ತು ಗಡಿಗೆಯ ಖಾಲಿ ಬಾಯಲ್ಲಿ ಕೈಯಾಡಿಸಿದ. ಆಮೇಲೆ ಸೊಸೆಗೆ, “ಹೂಂ ಅನ್ನೇ. ನನ್ನ ಮುಖ ಎಂತಕ್ಕೆ ನೋಡ್ತೆ?” ಎಂದ.

“ನೀನಿಲ್ದೇ ಅದು ಎಂತಾ ಹಾಡು?”

“ಈಗ ಹಾಡ್ದ್ಯಲ್ಲ, ಅದೇ ಹಾಡು. ನಾನೂ ಕೇಳ್ದೆ.”

“ಹರಾಜು ಕೂಗೋನು ನೀನು, ಏನಾದ್ರೂ ಹೇಳೋ!” ಎಂದು ಅವಳು ಗಿಟಾರಿನವನ ಮೇಲೆ ಹರಿಹಾಯ್ದಳು. ಅವನು ನೆಲ ನೋಡುತ್ತ, ನಮಗೆ ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ, “ಹೂಂ ಅನ್ನು” ಎಂದ. ಮ್ಯಾನೇಜರ್ ಎದ್ದು ನಿಂತಿದ್ದ. ಐದಕ್ಕೆ ಎರಡು ನಿಮಿಷವಿತ್ತು. ಅವಳು ಹೂಂ ಎಂಬಂತೆ ತಲೆಯಾಡಿಸಿದಳು.

ಹಾಲಿನ ಎ.ಸಿ. ಚೆನ್ನಾಗಿತ್ತೆಂದು ಅತಿಥಿ ಹೋಗುವಾಗ ನನ್ನ ಕೈ ಕುಲುಕಿದ.

ಆ ತಿಂಗಳ ಕೊನೆಯ ಶನಿವಾರ ಗೋವೆಯಲ್ಲಿ ಇಂಗ್ಲೆಂಡಿನ ತಂಡಕ್ಕಿಂತ ಮೊದಲು ಅವರಿಬ್ಬರು ಇಪ್ಪತ್ತು ನಿಮಿಷ ಹಾಡಿದರು. ಡ್ರಮ್ಮು ನುಡಿಸಿದವನು ಮಡಗಾಂವಿನವನು.