ಮುಚ್ಚಳ ತೆಗೆದು ನೋಡುವ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ಮಡಿಚಿಟ್ಟ, ಮುಚ್ಚಿಟ್ಟ ಯಾವ ವಸ್ತುವಿನ ಮೇಲೂ ನಂಬಿಕೆಯಿಲ್ಲ. ಅವಳ ಅರ್ಧ ಆಯಸ್ಸು ಕಳೆದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಇಸ್ತ್ರಿಯಾಗಿ ಬಂದ ಹಾಸುಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಕಲೆ ಉಳಿದಿದೆಯೇ ಎಂದು ನೋಡಿ, ಮತ್ತೆ ಮಡಿಚುವುದು ಅಲ್ಲಿ ಅವಳ ಕೆಲಸ. ಮನೆಗೆ ಬಂದರೂ ಅದೇ ಚಾಳಿ. ನಾನು ಉಡುಗೊರೆ ಕೊಟ್ಟ ಹೊಸ ಟವೆಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅವಳ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಒಂದು ಸಾಲು ತಗಡಿನ ಡಬ್ಬಿಗಳಿದ್ದವು. ಒಳಗೆ ಸ್ಪಿರಿಟ್ಟಿನ ಜೆಲ್ಲು. ಗ್ಯಾಸು, ಕರೆಂಟು ಎರಡೂ ಕೈಕೊಟ್ಟ ದಿನ ಮುಚ್ಚಳ ತೆಗೆದು ಕಡ್ಡಿ ಗೀರಿದರೆ ಸಾಕು, ಮೇಲೊಂದು ಪಾತ್ರೆಯಿಟ್ಟು ನೀರು ಕಾಯಿಸಬಹುದು. ನಾವೆಲ್ಲ ನಕ್ಕಿದ್ದೇವೆ. ಕಾರಣ ಮಾತ್ರ ನಗುವಂಥದ್ದಲ್ಲ. ಮಗ ಹಸುಗೂಸಾಗಿದ್ದಾಗ ಗ್ಯಾಸಿನವರ ಮುಷ್ಕರ ನಡೆದು, ಒಲೆಗೆ ಏನೂ ಇಲ್ಲದೆ, ಕಾಯಿಸದ ನೀರಿನಲ್ಲೇ ಹಾಲಿನ ಪುಡಿ ಕಲಸಿ ಕುಡಿಸಿದ್ದಳು. ಮಗು ಸಾವಿನ ಬಾಗಿಲಿಗೆ ಹೋಗಿ ಬಂತು. ಈಗ ಅವನು ಬಸ್ಸು ಓಡಿಸುತ್ತಾನೆ, ಹೊಟ್ಟೆಯೂ ಬಂದಿದೆ. ದೊಡ್ಡಮ್ಮ ತನ್ನನ್ನು ತಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಬಿಗಿಯಾಗಿ ಮುಚ್ಚಿದ್ದರೆ ಹತ್ತು ವರ್ಷ ಕೆಡುವುದಿಲ್ಲ, ಬಳಸುವ ತನಕ ತೆರೆಯಬೇಡಿ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು.

"ತೆಗೀಬೇಡಿ ಅಂತ ಬರ್ದಿದ್ದಾನಲ್ಲ, ಅಲ್ಲೇ ಇರೋದು ಅವನ ಕಳ್ಳಾಟ," ಎಂದಳು ದೊಡ್ಡಮ್ಮ. "ಒಳಗೆ ಹಾಳಾಗಿದ್ರೆ ನಮಗೆ ಗೊತ್ತಾಗ್ಬಾರ್ದು, ಅದಕ್ಕೆ."

ಹೀಗಾಗಿ ತಿಂಗಳಿಗೊಮ್ಮೆ ತಪಾಸಣೆ. ಚಮಚದ ಹಿಡಿಯಿಂದ ಮುಚ್ಚಳ ಎಬ್ಬಿಸುವುದು, ಮೂಸುವುದು, ಬೆರಳಿನಿಂದ ಒತ್ತುವುದು, ಅಂಗೈಯಲ್ಲಿ ಗುದ್ದಿ ಮುಚ್ಚುವುದು. ಘಾಟು ಹೊಡೆದರೆ ಪಾಸು. ಅಡುಗೆಮನೆಯೆಲ್ಲ ಸ್ಪಿರಿಟ್ ನಾರುತ್ತಿದ್ದರೆ ಅವಳ ಮುಖದಲ್ಲಿ ನೆಮ್ಮದಿ. ಮೂಗಿಗೆ ಬಂದದ್ದೆಲ್ಲ ಡಬ್ಬಿಯಿಂದ ಹೋದದ್ದೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಮೊಮ್ಮಗಳು ಹುಟ್ಟಿದ ಮೇಲೆ ಕೈಗೆ ಬಿಡುವಿಲ್ಲದೆ ತಪಾಸಣೆ ನಿಂತುಹೋಯಿತು. ಗುದ್ದು ತಿಂದು ಸೊಟ್ಟಗಾದ ಮುಚ್ಚಳಗಳು ತಿಂಗಳುಗಟ್ಟಲೆ ಹಾಗೆಯೇ ಇದ್ದವು.

ಒಂದು ಮಧ್ಯಾಹ್ನ, ದೂರದ ಮುಖ್ಯರಸ್ತೆಯಲ್ಲಿ ಅಗೆಯುತ್ತಿದ್ದವರು ಗ್ಯಾಸಿನ ಪೈಪನ್ನೂ ಕರೆಂಟಿನ ಕೇಬಲ್ಲನ್ನೂ ಒಟ್ಟಿಗೇ ಕಡಿದರು. ಒಂದನ್ನು ಕಡಿದು ಇನ್ನೊಂದನ್ನು ಬಿಟ್ಟರೆ ಪಕ್ಷಪಾತವಾದೀತೆಂದು ಇರಬೇಕು. ಇಡೀ ಬಡಾವಣೆಯ ಒಲೆಗಳು ಆರಿದವು. ಆಗ ನಾನು ದೊಡ್ಡಮ್ಮನ ಮನೆಯಲ್ಲೇ ಇದ್ದೆ. ಮಗ ಡ್ಯೂಟಿಯಲ್ಲಿದ್ದ, ಮನೆಯಲ್ಲಿ ಸೊಸೆ, ಮಗು, ನಾವಿಬ್ಬರು. ಫ್ಲಾಸ್ಕಿನಲ್ಲಿದ್ದ ಬಿಸಿನೀರು ಸಂಜೆಗೆ ಮುಗಿಯಿತು, ಮಗು ಹಸಿದು ಅಳತೊಡಗಿತು.

ದೊಡ್ಡಮ್ಮನಿಗೆ ಗಾಬರಿಯೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಗಿತ್ತು. "ನಾನಿದ್ದೀನಲ್ಲ," ಎಂದು ಸ್ಟೂಲು ಹತ್ತಿ ಡಬ್ಬಿಗಳನ್ನೆಲ್ಲ ಇಳಿಸಿದಳು.

ಮೊದಲನೆಯದರ ತಳದಲ್ಲಿ ಒಣಗಿದ ಗೋಂದಿನಂಥ ಚಕ್ಕೆಯೊಂದಿತ್ತು. ಕಡ್ಡಿ ಗೀರಿದರೆ ಕಡ್ಡಿ ಮಾತ್ರ ಉರಿಯಿತು. ಎರಡನೆಯದೂ ಅಷ್ಟೇ, ಮೂರನೆಯದೂ ಅಷ್ಟೇ. ಕೊನೆಯ ಡಬ್ಬಿಗೆ ಬರುವಷ್ಟರಲ್ಲಿ ಕಡ್ಡಿಪೆಟ್ಟಿಗೆ ಅರ್ಧ ಖಾಲಿಯಾಗಿತ್ತು. ಮಗು ಅತ್ತೂ ಅತ್ತೂ ನೀಲಿಗಟ್ಟಿತ್ತು.

"ಹಸಿ ನೀರು ಮಾತ್ರ ಬೇಡ ಕಣೇ," ಎಂದಳು ದೊಡ್ಡಮ್ಮ. ಯಾರೂ ಹಸಿ ನೀರಿನ ಮಾತೆತ್ತಿರಲಿಲ್ಲ.

ಸೊಸೆ ಮಗುವನ್ನು ನನ್ನ ಕೈಗೆ ಕೊಟ್ಟು ಕೋಣೆಗೆ ಹೋದಳು. ಮಂಚ ಎಳೆದ ಸದ್ದಾಯಿತು. ಧೂಳು ಮೆತ್ತಿದ ಡಬ್ಬಿಯೊಂದನ್ನು ಹಿಡಿದು ಬಂದಳು. ಮದುವೆಯಾಗಿ ಬಂದ ಹೊಸದರಲ್ಲಿ, ಮೊಟಕಾದ ಒಂದು ಕಾಲಿನಿಂದ ಮಂಚ ಅಲ್ಲಾಡುತ್ತದೆಂದು, ದೊಡ್ಡಮ್ಮ ಡಬ್ಬಿಗಳನ್ನು ಕೊಂಡುತಂದ ದಿನವೇ ಕಪಾಟಿನಿಂದ ಅದನ್ನು ಎತ್ತಿ ಆ ಕಾಲಿನ ಕೆಳಗೆ ಕೊಟ್ಟಿದ್ದಳಂತೆ. ಅಷ್ಟು ಕಾಲವೂ ದೊಡ್ಡಮ್ಮ ಆ ಡಬ್ಬಿಯ ಕಳ್ಳಿ ನಾನೇ ಎಂದುಕೊಂಡು ನನ್ನ ಚೀಲದ ಮೇಲೆ ಕಣ್ಣಿಟ್ಟಿದ್ದಳು. ಅದನ್ನೂ ನಾನು ಮರೆಯುವವಳಲ್ಲ.

ಮುಚ್ಚಳ ಸುಲಭಕ್ಕೆ ಬರಲಿಲ್ಲ. ಬಂದಾಗ ಕಣ್ಣಲ್ಲಿ ನೀರು ಬರುವಷ್ಟು ಘಾಟು. ಜೆಲ್ಲು ಭಗ್ಗೆಂದು ಹತ್ತಿಕೊಂಡಿತು. ನೀರು ಕುದಿಯಿತು, ಆರಿತು, ಹಾಲಾಯಿತು. ಮಗು ಬಾಟಲಿಗೆ ಬಾಯಿಟ್ಟ ಮೇಲೆ ಮನೆ ತಣ್ಣಗಾಯಿತು.

"ಇದನ್ನ ಯಾರೂ ತೆಗೆದು ನೋಡಿರ್ಲಿಲ್ಲ, ಅಲ್ವಾ?" ಎಂದು ದೊಡ್ಡಮ್ಮ ಕೇಳಿದಳು.

"ಇಲ್ಲ ಅತ್ತೆ."

ದೊಡ್ಡಮ್ಮ ಸ್ಟೂಲಿನ ಮೇಲೆ ಕೂತಳು. "ಹಾಗಾದ್ರೆ ಉಳಿದಿದ್ದನ್ನೆಲ್ಲ ಹಾಳ್ಮಾಡಿದ್ದು ನಾನೇ," ಎಂದಳು. ಚುಚ್ಚಲು ನನ್ನ ಬಳಿ ಮಾತು ಬೇಕಾದಷ್ಟಿತ್ತು. ಆದರೆ ಅವಳ ಮುಖ ನೋಡಿ, ಖಾಲಿ ಡಬ್ಬಿಗಳನ್ನು ಅವಳ ಕಣ್ಣೆದುರಿನಿಂದ ಎತ್ತಿಡತೊಡಗಿದೆ.

ಗ್ಯಾಸು ಬಂದ ಮರುದಿನ ದೊಡ್ಡಮ್ಮ ಮತ್ತಷ್ಟು ಡಬ್ಬಿಗಳನ್ನು ಕೊಂಡುತಂದಳು. ಚೀಲವನ್ನು ಬಿಚ್ಚದೆ, ಒಳಗೆ ಇಣುಕದೆ, ಹಾಗೆಯೇ ಸೊಸೆಯ ಕೈಗಿಟ್ಟಳು.

"ಎಲ್ಲಾದ್ರೂ ಇಟ್ಕೊ. ಎಲ್ಲಿಟ್ಟೆ ಅಂತ ನನಗೆ ಹೇಳ್ಬೇಡ," ಎಂದಳು. "ಕೇಳಿದ್ರೂ ಹೇಳ್ಬೇಡ."

ಅವಳು ಈಗ ದಿನಾ ಕೇಳುತ್ತಾಳೆ. ಸೊಸೆ ಹೇಳುವುದಿಲ್ಲ.