ಹಾಲಮ್ಮ ಕೇಳಿದ ಒಂದು ತಂಬಿಗೆ ನೀರು

೧೯೭೮ರಲ್ಲಿ ನಾನು ವೈದ್ಯಕೀಯ ಕಾಲೇಜೊಂದರ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಅಧ್ಯಾಪಕಿಯಾಗಿದ್ದೆ. ಹೌಸ್ ಸರ್ಜನ್‌ಗಳನ್ನು, ಅಂದರೆ ಪರೀಕ್ಷೆ ಮುಗಿಸಿ ತರಬೇತಿಯಲ್ಲಿರುವ ಎಳೆ ಡಾಕ್ಟರುಗಳನ್ನು, ಅಜ್ಜಂಪುರ ಸೀಮೆಯ ಒಂದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಕಲಿಸುವುದು ನನ್ನ ಕೆಲಸ. ಯಾವ ಕೇಂದ್ರವೆಂದು ಹೇಳುವುದಿಲ್ಲ. ಹೇಳಿದರೆ ಅದೊಂದೇ ಕಡೆ ಹೀಗಿತ್ತು ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ.

ಆಗ ಕ್ಷಯರೋಗಕ್ಕೆ ವರ್ಷಗಟ್ಟಲೆ ಚಿಕಿತ್ಸೆ. ರೋಗಿ ವಾರಕ್ಕೆರಡು ಬೆಳಿಗ್ಗೆ ಕೇಂದ್ರಕ್ಕೆ ಬಂದು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಹಾಕಿಸಿಕೊಂಡು, ಐ.ಎನ್.ಎಚ್. ಮಾತ್ರೆಗಳನ್ನು ಸಿಬ್ಬಂದಿಯ ಕಣ್ಣೆದುರೇ ನುಂಗಬೇಕು. ನಿಯಮವೇನೋ ಸರಿಯಾದದ್ದೇ. ಕೆಮ್ಮು ತಗ್ಗಿದೊಡನೆ ಮಾತ್ರೆ ಬಿಡುವವರಿದ್ದರು. ಬಿಟ್ಟರೆ ರೋಗ ಮರುಕಳಿಸುತ್ತಿತ್ತು. ಹಾಗೆ ಬಿಟ್ಟವರನ್ನು ನಾವು ‘ಡಿಫಾಲ್ಟರ್’ ಎನ್ನುತ್ತಿದ್ದೆವು. ಆ ಪದ ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಹಾಲಮ್ಮ ಬುಕ್ಕಾಂಬುಧಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಮೂವತ್ತು ದಾಟಿರಲಿಲ್ಲ. ಮಗುವಿಗೆ ಸೋಂಕು ತಗುಲೀತೆಂದು ಎಳೆಯ ಮಗಳನ್ನು ಕಡೂರಿನ ತವರಿನಲ್ಲಿ ಬಿಟ್ಟಿದ್ದಳು. ವಾಸಿಯಾದ ಮೇಲೆ ಕರೆತರುವುದೆಂದು ಮಾತಾಗಿತ್ತು. ಬೇಗ ವಾಸಿಯಾಗಲಿ ಎಂಬುದೊಂದೇ ಅವಳ ಹಂಬಲ.

ಒಂದು ಬೆಳಿಗ್ಗೆ ಇಂಜೆಕ್ಷನ್ ಆದ ಮೇಲೆ ಅವಳು ಮಾತ್ರೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವುದನ್ನು ಕಾಂಪೌಂಡರ್ ಕಂಡ. ಕಳ್ಳತನ ಹಿಡಿದವನಂತೆ ಕೂಗಾಡಿದ. ವೈದ್ಯಾಧಿಕಾರಿ ಬಂದರು. ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ.

“ಇವಳ ಹೆಸರು ಹೊಡೆದುಹಾಕಿ. ಮಾತ್ರೆ ನುಂಗದೆ ಮೋಸ ಮಾಡೋರಿಗೆ ಸರ್ಕಾರದ ಔಷಧಿ ಯಾಕೆ?” ಎಂದರು.

ಹೆಸರು ಹೊಡೆದರೆ ಔಷಧಿ ನಿಂತಂತೆಯೇ. ಔಷಧಿ ನಿಂತರೆ ಆ ಹೆಂಗಸು ಉಳಿಯುವುದು ಅನುಮಾನ. ಜಗುಲಿಯ ಮೇಲೆ ಕೂತು ಅಳುತ್ತಿದ್ದವಳ ಪಕ್ಕದಲ್ಲಿ ನಾನೂ ಕೂತೆ. ಇಲ್ಲೇ ಯಾಕೆ ನುಂಗಲಿಲ್ಲ ಎಂದು ಕೇಳಿದೆ.

“ಲಿಂಗಪೂಜೆ ಆಗಿಲ್ಲ ಕಣ್ರೀ ಡಾಕ್ಟ್ರಮ್ಮ. ಪೂಜೆ ಆಗ್ದೆ ಬಾಯಿಗೆ ಹನಿ ನೀರೂ ಬಿಡಲ್ಲ ನಾವು. ಪೂಜೆಗೆ ಕೂತ್ರೆ ಬಸ್ಸು ಹೊಂಟೋಗ್ತದೆ. ಮನೆಗೆ ಹೋಗಿ ಪೂಜೆ ಮುಗಿಸ್ಕಂಡು ನುಂಗ್ತೀನಿ. ಒಂದಿನಾನೂ ಬಿಟ್ಟಿಲ್ಲ.”

ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ನೀರು ಮುಟ್ಟುವುದು ಆ ಸೀಮೆಯ ಎಷ್ಟೋ ಮನೆಗಳ ನಡವಳಿಕೆ. ಇದನ್ನು ಇಲ್ಲಿಯವರಿಗೆ ಹೇಳಲಿಲ್ಲವೇ ಎಂದೆ.

“ಹೇಳ್ದೆ. ಒಂದು ತಂಬಿಗೆ ನೀರು, ಕೂರಕ್ಕೆ ಒಂದು ಮೂಲೆ ಕೊಡ್ರಪ್ಪ, ಇಲ್ಲೇ ಪೂಜೆ ಮುಗ್ಸಿ ನುಂಗ್ತೀನಿ ಅಂದೆ. ಇದು ಆಸ್ಪತ್ರೆ, ಮಠ ಅಲ್ಲ ಅಂದ್ರು.”

ನನ್ನ ಸಿಟ್ಟು ನೆತ್ತಿಗೇರಿತು. ಏಕೆಂದರೆ ಆ ವೈದ್ಯಾಧಿಕಾರಿಯೂ ಇಷ್ಟಲಿಂಗ ಧರಿಸಿದವರೇ. ಹಿಂದಿನ ದಿನವಷ್ಟೇ ಅವರ ಕ್ವಾರ್ಟರ್ಸಿನಲ್ಲಿ ಅವರ ಹೆಂಡತಿ ನಮಗೆಲ್ಲ ಕಾಫಿ ಕೊಟ್ಟು, “ಅವ್ರದ್ದು ಪೂಜೆ ಆಗ್ಲಿ, ಆಮೇಲೆ ಕುಡೀತಾರೆ” ಎಂದಿದ್ದರು. ಅವರ ಪೂಜೆ ಮುಗಿಯುವವರೆಗೆ ಓ.ಪಿ.ಯಲ್ಲಿ ಹೊರರೋಗಿಗಳ ಸಾಲು ಬಿಸಿಲಲ್ಲಿ ಕಾಯುತ್ತಿತ್ತು. ಅವರು ಮಾಡಿದರೆ ಅದು ನಿಷ್ಠೆ, ಹಾಲಮ್ಮ ಮಾಡಿದರೆ ಮೋಸ!

ನೇರ ಅವರ ಕೋಣೆಗೆ ಹೋದೆ.

“ಡಾಕ್ಟ್ರೇ, ಇವತ್ತು ಪೂಜೆಗೆ ಮುಂಚೆ ಕಾಫಿ ಕುಡಿದ್ರಾ?”

ಅವರ ಮುಖ ಕೆಂಪಾಯಿತು. “ಒಬ್ಬೊಬ್ಬರ ಶಾಸ್ತ್ರ ನೋಡ್ತಾ ಕೂತ್ರೆ ಆಸ್ಪತ್ರೆ ನಡೆಯುತ್ತಾ ಮೇಡಂ?”

“ನಡೆಯೋದಕ್ಕೆ ಒಂದು ತಂಬಿಗೆ ನೀರು ಸಾಕು. ಅವಳ ಹೆಸರು ಹೊಡೆದ್ರೆ ನಾಳೆಯಿಂದ ನನ್ನ ಹೌಸ್ ಸರ್ಜನ್‌ಗಳು ಇಲ್ಲಿಗೆ ಬರೋದಿಲ್ಲ.”

ಓ.ಪಿ.ಯ ಅರ್ಧ ಕೆಲಸವನ್ನು ಆ ಎಳೆ ಡಾಕ್ಟರುಗಳೇ ಎಳೆಯುತ್ತಿದ್ದರು. ಆದ್ದರಿಂದ ಹಾಲಮ್ಮನ ಹೆಸರು ಉಳಿಯಿತು. ನ್ಯಾಯಕ್ಕೆ ಬಗ್ಗದ ಮನುಷ್ಯ ಕೆಲಸದ ಹೊರೆಗೆ ಬಗ್ಗಿದರು ಎಂಬುದು ನನಗೆ ಇನ್ನೂ ಅಸಹ್ಯ.

ಕೇಂದ್ರದ ಹಿಂಬದಿಯ ಜಗುಲಿಯ ಮೂಲೆಯನ್ನು ಗುಡಿಸಿ ಚಾಪೆ ಹಾಸಿಸಿದೆ. ಮನೆಯಲ್ಲೇ ಸ್ನಾನ ಮಾಡಿ ಬರುತ್ತಿದ್ದ ಹಾಲಮ್ಮ ಅಲ್ಲಿ ಪೂಜೆ ಮುಗಿಸಿ, ಕಾಂಪೌಂಡರನ ಎದುರೇ ಮಾತ್ರೆ ನುಂಗತೊಡಗಿದಳು. ಕೆಲವೇ ವಾರಗಳಲ್ಲಿ ಇನ್ನೂ ಇಬ್ಬರು ಅದೇ ಚಾಪೆ ಕೇಳಿದರು. ಅವರಲ್ಲೊಬ್ಬ ಮುದುಕ ಇದೇ ಕಾರಣಕ್ಕೆ ಚಿಕಿತ್ಸೆ ಬಿಟ್ಟು, ‘ಡಿಫಾಲ್ಟರ್’ ಎನಿಸಿಕೊಂಡು ಮನೆಯಲ್ಲಿ ರಕ್ತ ಕೆಮ್ಮುತ್ತಿದ್ದವನು. ಹಾಲಮ್ಮನೇ ಅವನನ್ನು ಕರೆತಂದಿದ್ದಳು. ನಾವು ಯಾರೂ ಅವನ ಮನೆಗೆ ಹೋಗಿ ಕೇಳಿರಲಿಲ್ಲ.

ಆಮೇಲೆ ಕಾಲೇಜಿನಲ್ಲಿ ಯಾವ ವಿದ್ಯಾರ್ಥಿ ‘ಡಿಫಾಲ್ಟರ್’ ಎಂದು ಬರೆದು ತಂದರೂ ಕೇಸ್ ಶೀಟನ್ನು ಹಿಂದಕ್ಕೆ ಕೊಡುತ್ತಿದ್ದೆ. ಏನು ಅಡ್ಡಿಯಾಯಿತೆಂದು ರೋಗಿಯನ್ನೇ ಕೇಳಿ, ಅವರ ಮಾತಿನಲ್ಲೇ ಬರೆದು ತಾ ಎನ್ನುತ್ತಿದ್ದೆ. “ಮೇಡಮ್ಮಿಗೆ ರೋಗಿ ಹೇಳಿದ್ದೇ ವೇದ” ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ನಗಲಿ ಬಿಡಿ.

ಚಿಕಿತ್ಸೆ ಮುಗಿದು ಕಫದ ಪರೀಕ್ಷೆಯಲ್ಲಿ ರೋಗಾಣು ಇಲ್ಲವೆಂದು ಬಂದ ದಿನ ಹಾಲಮ್ಮ ಕೇಳಿದ್ದು ಒಂದೇ: “ಇನ್ನು ಮಗೀನ ಎತ್ಕಬೋದಾ?”

“ಎತ್ಕೊಳ್ಳಮ್ಮ” ಎಂದೆ.

ಅವಳು ಬುಕ್ಕಾಂಬುಧಿಯ ಬಸ್ಸಿಗೆ ಕಾಯದೆ ಕಡೂರಿನ ಬಸ್ಸು ಹತ್ತಿದಳು. ಆ ಮಗುವಿನಿಂದ ತಾಯಿಯನ್ನು ಕಿತ್ತುಕೊಳ್ಳಲು ಹೊರಟದ್ದು ಕ್ಷಯ ಮಾತ್ರವಲ್ಲ, ‘ಯಾಕಮ್ಮ’ ಎಂದು ಕೇಳುವ ವ್ಯವಧಾನವಿಲ್ಲದ ನಾವು ಡಾಕ್ಟರುಗಳೂ ಕೂಡ.