ಎಡಕ್ಕೆ ವಾಲಿದ ಪೆಟ್ಟಿಗೆ

ಲೆಮ್ವಿಗ್ ಬಂದರಿನ ಹಿಂದಿರುವ ನಮ್ಮ ಕಾರ್ಖಾನೆಯಲ್ಲಿ ನಾವು ಏಳು ಜನ. ರೆಕಾರ್ಡಿಂಗ್ ಸ್ಟುಡಿಯೋಗಳಿಗೆ ಕಂಪ್ರೆಸರ್ ಕಟ್ಟುತ್ತೇವೆ. ಹಾಡುವವರು ದನಿ ಏರಿಸಿದಾಗ ಅದನ್ನು ಮೆಲ್ಲಗೆ ಹಿಡಿದು ತಗ್ಗಿಸುವ, ಪಿಸುಮಾತಿಗೆ ಇಳಿದಾಗ ಕೈ ಸಡಿಲಿಸುವ ಕಬ್ಬಿಣದ ಪೆಟ್ಟಿಗೆ ಅದು. ಒಳಗೊಂದು ಪುಟ್ಟ ದೀಪ, ಅದರ ಎದುರು ಉಗುರಿನಷ್ಟಗಲದ ಒಂದು ಕೋಶ. ದನಿ ಜೋರಾದಷ್ಟೂ ದೀಪ ಹೆಚ್ಚು ಉರಿಯುತ್ತದೆ. ಕೋಶ ಆ ಬೆಳಕನ್ನು ಕಂಡು ದನಿಯನ್ನು ಇಳಿಸುತ್ತದೆ. ಎಡ ಸ್ಪೀಕರಿನ ದನಿಗೊಂದು ಕೋಶ, ಬಲದ್ದಕ್ಕೊಂದು. ಎರಡೂ ಅವಳಿಗಳಂತಿರಬೇಕು. ನೂರಾರು ಕೋಶಗಳಲ್ಲಿ ಅಂಥ ಜೋಡಿಗಳನ್ನು ಹುಡುಕುವುದು, ಕೊನೆಗೆ ಪೆಟ್ಟಿಗೆಯನ್ನು ಕಿವಿಯಿಂದಲೇ ಕೇಳಿ ಪಾಸು ಮಾಡುವುದು, ಎರಡೂ ಇಂಗೆಲಿಸ್‌ಳ ಕೆಲಸ.

ಮೀನು ಡಬ್ಬಿಗೆ ತುಂಬುವ ಕೆಲಸ ಬಿಟ್ಟು ಅವಳು ಇಲ್ಲಿಗೆ ಬಂದಾಗ ಇಪ್ಪತ್ತಮೂರು ವರ್ಷ. ಹಳೆಯ ಯಜಮಾನರು ಅವಳನ್ನು ಸಂದರ್ಶನಕ್ಕೆ ಕೂರಿಸಿಕೊಂಡಿದ್ದಾಗ, ಗೋಡೆಯಾಚೆಯ ರೇಡಿಯೋ ಕೆಟ್ಟಿದೆ, ಒಂದು ಕಡೆ ಮಂಕಾಗಿದೆ ಎಂದಳಂತೆ. ಅಷ್ಟಕ್ಕೇ ಕೆಲಸ ಸಿಕ್ಕಿತು. ಮದುವೆಯಾಯಿತು, ವಿಚ್ಛೇದನವೂ ಆಯಿತು. ಒಬ್ಬಳು ಮಗಳು ದೂರ ಸಮುದ್ರದ ಹಡಗೊಂದರಲ್ಲಿ ಅಡುಗೆ ಮಾಡುತ್ತಾಳೆ. ಮೂವತ್ತೆಂಟು ವರ್ಷಗಳಲ್ಲಿ ಇಂಗೆಲಿಸ್ ಕೇಳಿ ಕಳಿಸಿದ ಪೆಟ್ಟಿಗೆ ಒಂದೂ ಹಿಂತಿರುಗಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ಹಿಂತಿರುಗಿತು. ಓಸ್ಲೋದ ಸ್ಟುಡಿಯೋದವರು ಚರ್ಚಿನ ಮೇಳವೊಂದನ್ನು ರೆಕಾರ್ಡ್ ಮಾಡುತ್ತಿದ್ದರಂತೆ. ಮೆಲ್ಲಗೆ ಹಾಡಿದಾಗ ಎಲ್ಲ ಸರಿ. ದನಿ ಏರಿದ ಕೂಡಲೇ ಇಡೀ ಮೇಳ ಎದ್ದು ಎಡಗಡೆಗೆ ಸರಿದು ನಿಂತಂತೆ ಕೇಳುತ್ತದೆ ಎಂದು ಬರೆದಿದ್ದರು.

ಈಗಿನ ಯಜಮಾನ ಆಸ್ಗರ್, ಹಳೆಯವರ ಮಗ, ಪೆಟ್ಟಿಗೆಗೆ ತಂತಿ ಸಿಕ್ಕಿಸಿ ಒಂದೇ ನಿಮಿಷ ಕೇಳಿದ. ಮುಖ ಇಳಿದುಹೋಯಿತು. ಕೆಟ್ಟವನಲ್ಲ ಅವನು. ಇಂಗೆಲಿಸ್‌ಳನ್ನು ಕಾಫಿ ಮೇಜಿಗೆ ಕರೆದು, ಹೋಲ್ಸ್ಟೆಬ್ರೋದಲ್ಲಿ ಕಿವಿ ಡಾಕ್ಟರ ಸಮಯ ಗೊತ್ತುಮಾಡಿದ್ದೇನೆ ಎಂದ. ಕಿವಿ ಸರಿಯಿದ್ದರೆ ಸರಿ, ಇಲ್ಲದಿದ್ದರೆ ಕೇಳುವ ಕೆಲಸವನ್ನು ಬೇರೆಯವರಿಗೆ ಕೊಡಬೇಕಾದೀತು ಎಂದೂ ಸೇರಿಸಿದ.

“ನಿನ್ನ ಮೂಗು ಸೋರ್ತಿದ್ದಾಗ ಒರೆಸಿದವಳು ಕಣೋ ನಾನು,” ಅಂದಳು ಇಂಗೆಲಿಸ್. “ಈಗ ನನ್ನ ಕಿವಿ ನೋಡೋಕೆ ಬಂದ್ಯಾ?”

“ಮೂಗು ನಂದೇ ಇತ್ತಲ್ಲ, ಇಂಗೆಲಿಸ್. ಪೆಟ್ಟಿಗೆ ಗಿರಾಕಿದು.”

ಅವಳು ನಗಲಿಲ್ಲ. ರೈ ಬ್ರೆಡ್ಡಿನ ಮೇಲೆ ಸವರಿದ್ದ ಲಿವರ್ ಪೇಸ್ಟನ್ನು ಚಾಕುವಿನಿಂದ ಮತ್ತೆ ಮತ್ತೆ ಸವರುತ್ತ ಕೂತಳು. ಬೆಸುಗೆ ಹಾಕುವ ನನ್ನ ಮೇಜಿನ ಪಕ್ಕ ಬಂದು ನಿಂತಾಗ ಅವಳ ಭುಜ ಜೋತುಬಿದ್ದಿತ್ತು. ಕೇಳೋದನ್ನ ಕಿತ್ಕೊಂಡ್ರೆ ನಾನು ಮತ್ತೆ ಮೀನಿನ ಹುಡುಗಿ ಕಣೇ ಸೊಲ್ವೈ, ಅಂದಳು.

ಆಸ್ಗರನಿಗೆ ಎರಡು ದಿನ ಕಾಯಲು ಹೇಳಿದಳು. ಕೋಶಗಳ ವಿಷಯದಲ್ಲಿ ನಮ್ಮಲ್ಲೊಂದು ಕಟ್ಟಳೆಯಿದೆ: ಅಳೆಯುವ ಮೊದಲು ಅವನ್ನು ಎರಡು ದಿನ ಕಪ್ಪು ಡಬ್ಬದಲ್ಲಿ ‘ಮಲಗಿಸಬೇಕು’. ಬೆಳಕು ಕಂಡ ಕೋಶ ಆ ಬೆಳಕನ್ನು ಬೇಗ ಮರೆಯುವುದಿಲ್ಲ. ಎಚ್ಚರವಿರುವಾಗ ಅಳೆದರೆ ಸುಳ್ಳು ಹೇಳುತ್ತದೆ. ಓಸ್ಲೋದ ಪೆಟ್ಟಿಗೆಯ ಎರಡೂ ಕೋಶಗಳನ್ನು ಬಿಚ್ಚಿ ಮಲಗಿಸಿದಳು. ಮೂರನೆಯ ದಿನ ಅಳೆದಳು. ಅವಳಿಗಳಲ್ಲ, ದೂರದ ನೆಂಟರೂ ಅಲ್ಲ.

ಆಗ ಅವಳು ತನ್ನ ಅಳತೆಯ ಪುಸ್ತಕ ತೆಗೆದು ಡಿಸೆಂಬರಿನ ಹಾಳೆಗೆ ಹೋದಳು. ಆ ಜೋಡಿಯನ್ನು ಅಳೆದಿದ್ದ ಹನ್ನೊಂದನೆಯ ತಾರೀಖು. ಅಂಕಿಗಳು ಎಂದಿನಂತೆ ಅಚ್ಚುಕಟ್ಟು. ಹಾಳೆಯ ಎಡತುದಿಯಲ್ಲಿ ಒಂದು ಕೆಂಪು ಮೇಣದ ಹನಿ.

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ನನಗೂ ನೆನಪಾಯಿತು. ಡಿಸೆಂಬರಿನಲ್ಲಿ ಒಂಬತ್ತಾದರೂ ಇಲ್ಲಿ ಬೆಳಗಾಗುವುದಿಲ್ಲ. ಎಲ್ಲ ಮನೆಗಳಂತೆ ನಾವೂ ಕ್ರಿಸ್ಮಸ್‌ಗೆ ದಿನ ಎಣಿಸಲು ಒಂದರಿಂದ ಇಪ್ಪತ್ತನಾಲ್ಕರವರೆಗೆ ಅಂಕಿ ಬರೆದ ಮೇಣದಬತ್ತಿ ಹಚ್ಚಿ, ದಿನಕ್ಕೊಂದು ಅಂಕಿ ಕರಗುವವರೆಗೆ ಕಾಫಿ ಕುಡಿಯುತ್ತೇವೆ. ಆ ಬೆಳಿಗ್ಗೆ ಅವಳಿಗೆ ಕಾಫಿ ಮೇಜಿನವರೆಗೆ ನಡೆದು ಬರಲೂ ಆಗದಷ್ಟು ಸುಸ್ತಾಗಿತ್ತು. ಬತ್ತಿಯನ್ನು ಅವಳ ಕತ್ತಲ ಕೋಣೆಗೇ ಒಯ್ದು, ಅಳೆಯಲು ಡಬ್ಬದಿಂದ ತೆಗೆದಿಟ್ಟ ಕೋಶಗಳ ಸಾಲಿನ ಪಕ್ಕ ಇಟ್ಟವಳು ನಾನು. ಬೇಡ ಅನ್ನದವಳು ಅವಳು. ಸಾಲಿನ ಎಡಗಡೆಯ ಕೋಶಗಳೆಲ್ಲ ಬತ್ತಿಯ ಬೆಳಕು ಕುಡಿದು ಎಚ್ಚರಾಗಿದ್ದವು, ಬಲಗಡೆಯವು ಮಲಗೇ ಇದ್ದವು. ಆ ಸುಳ್ಳು ಅಂಕಿಗಳನ್ನು ನೋಡಿ ಅವಳು ಜೋಡಿ ಕೂಡಿಸಿದ್ದಳು.

ಹಾಳೆಯನ್ನು ಆಸ್ಗರನ ಮುಂದೆ ಹಿಡಿದಾಗ ಅವನು ಹನಿಯನ್ನು ಉಗುರಿನಿಂದ ಕೆರೆದು ನೋಡಿ ಜೋರಾಗಿ ನಕ್ಕ. ನಿರಾಳದ ನಗು. ಹಾಗಾದರೆ ಡಾಕ್ಟರು ಬೇಡ, ಈಗಲೇ ಫೋನ್ ಮಾಡಿ ರದ್ದು ಮಾಡುತ್ತೇನೆ ಎಂದ. ಫೋನ್ ಎತ್ತಿಯೂ ಬಿಟ್ಟ.

ಇಂಗೆಲಿಸ್ ಅವನ ಕೈಯಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟಳು.

“ಬತ್ತಿ ಕೋಶ ಕೆಡಿಸ್ತು, ಸರಿ. ಆದ್ರೆ ಆ ಪೆಟ್ಟಿಗೆನ ಕೊನೇಲಿ ಕೇಳಿದ್ದು ಯಾರು? ನಾನೇ. ಪೂರ್ತಿ ಮಧ್ಯಾಹ್ನ ಕೇಳಿದೆ. ನೀನು ಒಂದ್ ನಿಮಿಷದಲ್ಲಿ ಹಿಡಿದೆ. ನಂಗೆ ಅದು ವಾಲೋದು ಕೇಳಿಸ್ಲೇ ಇಲ್ಲ. ಇವತ್ತೂ ಕೇಳಿಸ್ತಿಲ್ಲ ಕಣೋ.”

ಹೊರಗೆ ದೋಣಿಯೊಂದು ಎಂಜಿನ್ ಆರಿಸಿತು. ಅವಳೇ ಮುಂದುವರಿಸಿದಳು: ಕಳೆದ ಬೇಸಿಗೆಯಲ್ಲಿ ಮನೆಯ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ನಿಂತಿತಂತೆ. ತಾನೇ ಸರಿಹೋಯಿತು ಎಂದು ಖುಷಿಪಟ್ಟಳಂತೆ. ಮಗಳು ರಜೆಗೆ ಬಂದವಳು, ಈ ಸದ್ದಿನಲ್ಲಿ ಹೇಗಮ್ಮ ಮಲಗ್ತೀಯ ಎಂದು ಕೇಳಿದಳಂತೆ. ಅಂದಿನಿಂದಲೇ ಗೊತ್ತು. ಹೇಳುವ ಶಕ್ತಿ ಇರಲಿಲ್ಲ.

ಕೋಶಗಳನ್ನು ಅಳೆಯುವುದು, ಜೋಡಿ ಮಾಡುವುದು ತನಗಿರಲಿ, ಅದಕ್ಕೆ ಕಣ್ಣು ಸಾಕು ಎಂದಳು. ಕೇಳುವುದಕ್ಕೆ ಸೊಲ್ವೈ ಬರಲಿ ಎಂದಳು. ನನ್ನನ್ನು ಕೇಳಿರಲಿಲ್ಲ.

ಹೊಸ ಜೋಡಿ ಕೂಡಿಸಿದ ಮೇಲೆ ಓಸ್ಲೋದ ಪೆಟ್ಟಿಗೆಯನ್ನು ನಾನು ಕೇಳಿದೆ. ಎರಡು ಸ್ಪೀಕರುಗಳ ನಡುವೆ ನನ್ನನ್ನು ಕೂರಿಸಿ, ಗಲ್ಲ ಹಿಡಿದು ತಲೆ ನೇರ ಮಾಡಿ, ಕಣ್ಣು ಮುಚ್ಚಲು ಹೇಳಿದಳು. ಮೇಳ ಪಿಸುಗುಟ್ಟಿತು, ಏರಿತು, ತುಂಬಿ ನಿಂತಿತು. ಇಷ್ಟು ವರ್ಷ ಹೀಗೊಬ್ಬಳೇ ಕೂತು ಹೌದು, ಅಲ್ಲ ಎಂದು ಹೇಗೆ ಹೇಳುತ್ತಿದ್ದಳೋ.

“ವಾಲ್ತಿದೆಯಾ?” ಬೆನ್ನ ಹಿಂದಿನಿಂದ ಕೇಳಿದಳು.

ಇನ್ನೊಮ್ಮೆ ಹಾಕು ಎಂದೆ. ಹಾಕಿದಳು.

“ಇಲ್ಲ,” ಎಂದೆ. “ನಡೂಮಧ್ಯ ನಿಂತಿದೆ.”

ಅವಳು ಪೆಟ್ಟಿಗೆಯ ಸ್ವಿಚ್ ಆರಿಸಿದಳು. ಆಮೇಲೆ, ನೀನು ಹೇಳಿದ್ಮೇಲೆ ಸರಿ, ಎಂದು ತಂತಿ ಬಿಚ್ಚತೊಡಗಿದಳು.